ಮೊಣಕಾಲಿನ ಶಾಖ

ಏಪ್ರಿಲ್ ಕೊನೆ. ನೋವಾ ಸ್ಕೋಷಿಯಾದಲ್ಲಿ
ಕೊಟ್ಟಿಗೆಯ ನೆರಳಿಗೆ ಇನ್ನೂ ಹಿಮ ಅಂಟಿದೆ.
ಎನಿಡ್ ಉಗುರಿನ ಅರದಿಂದ
ಬೀಜದ ಅಂಚು ಉಜ್ಜುತ್ತಾಳೆ, ಮೂತಿ ಮಾತ್ರ ಮುಟ್ಟದೆ.
ಇದರ ತಾಯಿ ಕುಂಬಳ ಆರುನೂರು ಕಿಲೋ;
ಎತ್ತಲು ಟ್ರ್ಯಾಕ್ಟರೇ ಬಂದಿತ್ತು.

ಮೊಣಕಾಲಿಗೆಂದು ಡಾಕ್ಟರು ಬರೆದುಕೊಟ್ಟ ಬಿಸಿಪಟ್ಟಿ
ಈಗ ಕುಂಡದ ಕೆಳಗೆ.
ಕಾಲು ನೋಯುತ್ತದೆ; ನೋಯಲಿ,
ಅದೇನು ಮೊಳೆಯುವುದಿಲ್ಲವಲ್ಲ.

ನಾಲ್ಕನೇ ರಾತ್ರಿ ಎದ್ದು ನೋಡಿದರೆ
ಮಣ್ಣು ಬಿರಿದು, ಬಾಗಿದ ಒಂದು ಕತ್ತು,
ತಲೆಯ ಮೇಲೆ ಸಿಪ್ಪೆಯ ಟೋಪಿ.
ಎಂಜಲು ಹಚ್ಚಿ ನೆನೆಸಿ ಮೆಲ್ಲಗೆ ಬಿಡಿಸಿದಳು.

ಮೊದಲ ಎಲೆ ಯಾವ ಕಡೆಗೋ
ಬಳ್ಳಿ ಅದಕ್ಕೆ ಬೆನ್ನು ಹಾಕಿ ಓಡುತ್ತದಂತೆ.
ಮೇ ಕೊನೆಗೆ ಹೊರಗೆ ನೆಡುವಾಗ
ಎಲೆಯನ್ನು ತನ್ನ ಮನೆಯತ್ತ ತಿರುಗಿಸುತ್ತಾಳೆ.
ಬಳ್ಳಿ ಹೋಗಲಿ,
ಹತ್ತು ವರ್ಷದಿಂದ ಮಾತು ಬಿಟ್ಟ
ಮರ್ಡಾಕನ ಬೇಲಿಯ ತನಕ.