ಅಳಿಸಿದ ಸಾಲು

ಕಡತ ಬಿಚ್ಚಿದರೆ ಹುಣಸೆಬೀಜದ ಅಂಟಿನ ವಾಸನೆ, ಈಗಲೂ.
ಇದ್ದಿಲು ಬಳಿದ ಕಪ್ಪು ಬಟ್ಟೆ, ಮಡಿಕೆ ಮಡಿಕೆ,
ಬಳಪದಲ್ಲಿ ಬರೆದದ್ದು. ಒದ್ದೆ ಬೆರಳು ತಾಗಿದರೆ ಹೋಗುತ್ತದೆ,
ಅದಕ್ಕೇ ನಮ್ಮಮ್ಮ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ.

ಹೊಳೆನರಸೀಪುರದ ಗಾಣಿಗರ ಬೀದಿ.
ಯಜಮಾನ ಮುದ್ದಶೆಟ್ಟಿಯ ಅಕ್ಷರ: ದಪ್ಪ, ಮುಂದಕ್ಕೆ ವಾಲಿದ್ದು,
ಹೊರೆ ಹೊತ್ತವನು ಏರು ಹತ್ತುವ ಹಾಗೆ.
ಹುಚ್ಚೆಳ್ಳು ಹನ್ನೆರಡು ಕೊಳಗ. ಹರಳು ಆರು.
ಹಿಂಡಿ, ಕರೆಯುವ ದನ ಇದ್ದ ಮನೆಗಳಿಗೆ, ಉದ್ದರಿ.
ನರಸಿಂಹನ ನಂದಾದೀಪಕ್ಕೆ ದಿನಕ್ಕೆ ಅರೆಪಾವು, ಲೆಕ್ಕವಿಲ್ಲ.
(ಲೆಕ್ಕವಿಲ್ಲ ಅಂತಲೂ ಲೆಕ್ಕದಲ್ಲೇ ಬರೆದಿದ್ದಾನೆ ಮಹಾರಾಯ.)

ಮೂರು ಗಾಣ, ಆರೆತ್ತು, ನೂರಿಪ್ಪತ್ತು ಒಕ್ಕಲಿನ ಕಟ್ಟೆಮನೆ.
ಮದುವೆಯ ಮೊದಲ ವೀಳ್ಯ ಅವನಿಗೆ,
ಹೆಣದ ಮುಂದಿನ ಮೊದಲ ಮಾತೂ ಅವನದೇ.
ಅಮಲ್ದಾರರು ಬಂದರೆ ಬೀದಿಯ ಪರವಾಗಿ
ರುಮಾಲು ಸುತ್ತಿ ನಿಲ್ಲುವವನು,
ಜಿಡ್ಡು ಬಿಡದ ಕೈಗಳನ್ನು ಬೆನ್ನ ಹಿಂದೆ ಕಟ್ಟಿ.

ತಾರಣ ಸಂವತ್ಸರ, ಮಾರ್ಗಶಿರ.
ಸಿಂಗ್ರಶೆಟ್ಟಿ ಒಂಟೆತ್ತು ಕಟ್ಟಿದನಂತೆ.
ಜೋಡೆತ್ತಿನವರ ಗಾಣಕ್ಕೆ ಒಂಟೆತ್ತು!
ನೀರಿಗೆ, ಬೆಂಕಿಗೆ, ಪಂಕ್ತಿಗೆ ದೂರವಾಗಲು ಅಷ್ಟು ಸಾಕಿತ್ತು.
"ಇನ್ನೊಂದು ಸತ್ತೋಯ್ತು ಯಜಮಾನ್ರೆ,
ಸಾಯೋಕೇನು ಅದು ಕಟ್ಟೆಮನೆ ಅಪ್ಪಣೆ ಕೇಳ್ತದಾ?"
ನಕ್ಕವರಿದ್ದರು. ಮುದ್ದಶೆಟ್ಟಿ ನಗಲಿಲ್ಲ.
ತಪ್ಪುದಂಡ ಮೂರು ರೂಪಾಯಿ.
ಎತ್ತು ತರುವ ತನಕ ಗಾಣ ನಿಲ್ಲತಕ್ಕದ್ದು.
ಸಿಂಗ್ರ ಒಂದೊಂದಾಗಿ ಕಲ್ಲಿನ ಮೇಲಿಟ್ಟ.
ಕೊನೆಯದು ಉರುಳಿ ಮೋರಿಗೆ ಬಿತ್ತು,
ಅವನೇ ಇಳಿದು, ಎತ್ತಿ, ಒರೆಸಿ, ಮತ್ತೆ ಇಟ್ಟ.

ಸರ್ವಜಿತ್ತಿನಲ್ಲಿ ಹೊಳೆಯಾಚೆಯಿಂದ ದೊಡ್ಡರೋಗ ಬಂತು.
ಮೂಗಲ್ಲಿ ನೊರೆ, ಕಣ್ಣಲ್ಲಿ ಪಿಸುರು.
ಆರರಲ್ಲಿ ಐದು ಹೋದವು, ಒಂದೇ ಪಕ್ಷದೊಳಗೆ.
ಉಳಿದದ್ದು ಮಾಲಿಂಗ, ಬಲಗೊಂಬು ಮುರಿದದ್ದು.
ಸಂತೆಯಲ್ಲಿ ಎತ್ತಿಲ್ಲ; ಇದ್ದದ್ದಕ್ಕೆ ಕೈ ಹಾಕುವ ಹಾಗಿಲ್ಲ.
ಎರಡು ದಿನ ಒರಳು ಒಣಗಿತು.
ಮೂರನೆಯ ಸಂಜೆ ಗುಡಿಯ ಹುಡುಗ ಬಂದ,
ಏನೂ ಹೇಳದೆ ಖಾಲಿ ಗಿಂಡಿ ಇಟ್ಟು ಹೋದ.

ಮುಂದಿನದನ್ನು ಹೇಳಿದವಳು ದ್ಯಾವೀರಮ್ಮ, ಅವನ ಹೆಂಡತಿ,
ತನ್ನ ಸೊಸೆಗೆ; ಸೊಸೆ ಮಗಳಿಗೆ; ಮಗಳು ನಮ್ಮಮ್ಮನಿಗೆ,
ಪ್ರತಿ ಸಲವೂ ದನಿ ತಗ್ಗಿಸಿ,
ಬೀದಿ ಇನ್ನೂ ಕಿವಿಗೊಟ್ಟಿದೆ ಎಂಬಂತೆ:
ನಡುರಾತ್ರಿ ಕಿರ್ರ್ ಅಂತ ಸದ್ದು. ಹಣತೆ ಹಿಡಿದು ಹೋದರೆ
ನೊಗದ ಒಳಬದಿಗೆ ಮಾಲಿಂಗ, ಕಣ್ಣಿಗೆ ಪಟ್ಟಿ.
ಹೊರಬದಿಯ ದೂರದ ಸುತ್ತಿಗೆ ಯಜಮಾನ,
ಅವನೂ ಕಣ್ಣು ಕಟ್ಟಿಕೊಂಡಿದ್ದ, ಅದೇ ರುಮಾಲಿನಲ್ಲಿ.

"ಏನಿದು?"
"ಜೋಡಿ," ಅಂದನಂತೆ.
ಮತ್ತೊಂದು ಸುತ್ತು ಬಂದು, "ಕಟ್ಟು ಮುರೀಬಾರ್ದಲ್ಲ."
ಇನ್ನೊಂದು ಸುತ್ತು. ಏದುಸಿರು.
"ಕಣ್ ಬಿಟ್ರೆ ತಲೆ ತಿರುಗ್ತದೆ ಕಣೆ.
ನಲವತ್ತು ವರ್ಷ ಎತ್ತಿನ ಕಣ್ ಕಟ್ದೆ, ನಂಗೊತ್ತೇ ಇರ್ಲಿಲ್ಲ."

ಬೆಳಗ್ಗೆ ಗಿಂಡಿ ತುಂಬಿತ್ತು. ಹೆಗಲು ಬಾತಿತ್ತು.
ರುಮಾಲಿಲ್ಲದ ತಲೆಯಲ್ಲಿ ಸಿಂಗ್ರನ ಮನೆಗೆ ಹೋದ.
ಅಲ್ಲಿ ಏನಾಯಿತೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಸಿಂಗ್ರ ನಕ್ಕನಂತೆ. ಅತ್ತನಂತೆ.
ಅವನ ವಂಶದವರ ಪ್ರಕಾರ ಬಾಗಿಲೇ ತೆಗೆಯಲಿಲ್ಲ.

ಮುಂದಿನ ಕೂಟದಲ್ಲಿ ಮುದ್ದಶೆಟ್ಟಿ ಎದ್ದು ನಿಂತು
ಒಂಟೆತ್ತು ಹಿಂಡಿದರೂ ಎಣ್ಣೆ ಎಣ್ಣೆಯೇ ಅಂದ.
ಅರ್ಧ ಬೀದಿ ಚಾಪೆ ಕೊಡವಿ ಎದ್ದು ಹೋಯಿತು.
ಕಿರಿಮಗಳ ಮದುವೆಯಲ್ಲಿ ಮೂವತ್ತೇ ಎಲೆ ಬಿದ್ದವು.
ಮತ್ತೆ ಕೆಲವು ವರ್ಷಕ್ಕೆ ಪೇಟೆಗೆ ಸೀಮೆಎಣ್ಣೆಯ ಡಬ್ಬ ಬಂತು.
ಆಮೇಲೆ ಜೋಡಿಯೇನು, ಒಂಟಿಯೇನು.

ಕಡತದ ಒಂಬತ್ತನೆಯ ಮಡಿಕೆ:
ತಾರಣ, ಮಾರ್ಗಶಿರ. ಅಲ್ಲಿಂದ ಒಂದು ಗೇಣು ಖಾಲಿ,
ಹೆಬ್ಬೆರಳು ಎಳೆದ ಗುರುತು.
ಬಿಸಿಲಿಗೆ ಓರೆಯಾಗಿ ಹಿಡಿದರೆ
ಮೂರು ಎಂಬ ಅಂಕಿ ಇನ್ನೂ ಮಿರುಗುತ್ತದೆ.
ಬರೆದಾಗ ಕೈಯಲ್ಲಿ ಎಣ್ಣೆ ಇತ್ತು.
ಒರೆಸಿದ್ದು ನೀರಿನಲ್ಲಿ.