ಲೇಟ್ ಮಿಸ್ಬಾ

ಪೆನ್ಷನ್ ಮೊಹಲ್ಲಾ, ಹಾಸಿಗೆ ಅಂಗಡಿಯ ಮಹಡಿ.
ದೂರು: 'ನೆಟ್ ಇದೆ, ಆದ್ರೂ ಇಲ್ಲ.'
ಹನ್ನೊಂದು ವರ್ಷದಿಂದ ಹಾಸನದ ಕಂಬ ಹತ್ತುತ್ತಿದ್ದೇನೆ,
ಇಷ್ಟು ಸರಿಯಾಗಿ ಯಾರೂ ಬರೆಸಿರಲಿಲ್ಲ.

ಏಣಿಯನ್ನು ಬಾಗಿಲಿಗೆ ಒರಗಿಸಿ ಒಳಗೆ ಹೋದರೆ
ಹತ್ತಿ. ಹುಬ್ಬಿಗೆ, ಸ್ವಿಚ್‌ಬೋರ್ಡಿಗೆ, ಟೀ ಲೋಟದ ಅಂಚಿಗೆ ಹತ್ತಿ.
ಮಕ್ಬೂಲ್ ಸಾಬರು ಹಳೇ ಗಾದಿಯ ಹೊಟ್ಟೆ ಬಗೆದು
ಗಂಟುಗಟ್ಟಿದ್ದನ್ನು ಬಿಡಿಸುತ್ತ ತಲೆಯೆತ್ತದೆ ಅಂದರು:
'ಮೇಲಿದ್ದಾಳೆ, ಹೋಗಿ. ಬೆಳಿಗ್ಗೆಯಿಂದ ನಾಕು ಸಲ ಸತ್ತಿದ್ದಾಳೆ.'

ಮಿಸ್ಬಾಗೆ ಹತ್ತೊಂಬತ್ತು. ಕಿವಿಗೆ ಹೆಡ್‌ಫೋನು,
ಅದರಾಚೆ ಮೂವರು: ಅರಸೀಕೆರೆಯವನೊಬ್ಬ, ಕಡೂರಿನವರಿಬ್ಬರು.
ಮುಖ ಕಂಡಿಲ್ಲ, ಬೈಗುಳ ಗೊತ್ತು.
ಲೇಟ್ ಮಿಸ್ಬಾ ಅಂತ ಹೆಸರಿಟ್ಟಿದ್ದಾರೆ.
'ಲಗ್ನಪತ್ರಿಕೇಲಿ ಸತ್ತ ತಾತನ ಹೆಸರಿನ ಮುಂದೆ
ಹಾಕ್ತಾರಲ್ಲ ಅಣ್ಣ, ಆ ಲೇಟು.'

ಆಡಿ ತೋರಿಸಿದಳು.
ಬಾಗಿಲಲ್ಲಿ ನಿಂತವನಿಗೆ ಗುಂಡು ಹೊಡೆದಳು.
ಅವನು ಬೀಳಲಿಲ್ಲ. ಅವನು ಅಲ್ಲಿರಲೇ ಇಲ್ಲ.
ಬಂದು, ಇವಳನ್ನು ಕೊಂದು, ಮೆಟ್ಟಿಲಿಳಿದು ಹೋಗಿ
ಆಗಲೇ ಅರ್ಧ ಸೆಕೆಂಡಾಗಿತ್ತು.
ಹಾಸನಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಎಲ್ಲರಿಗೂ ಕೇಳುವುದನ್ನೇ ಕೇಳಿದೆ.
ಆಫ್ ಮಾಡಿ ಆನ್ ಮಾಡಿದ್ರಾ? ಏಳು ಸಲ.
ಬೇರೆ ಯಾರಾದ್ರೂ ವಿಡಿಯೊ ನೋಡ್ತಾರಾ?
ಅಮ್ಮಿ. ಅಡುಗೇದು. ಅದೂ ಸೌಂಡಿಲ್ಲದೆ.
ವೈಫೈ ಬಿಟ್ಟು ತಂತಿ ಚುಚ್ಚಿ ನೋಡಿದ್ರಾ? ಚುಚ್ಚೇ ಇದೆ.
ರೂಟರ್ ಎಲ್ಲಿ?

ಗಾದಿಗಳ ಅಟ್ಟಿಯ ಮೇಲೆ, ದಿಂಬಿನ ಗವಸಿನೊಳಗೆ.
ಹತ್ತಿ ಹೋಗದಿರಲೆಂದು ಅಪ್ಪನೇ ಅಳತೆ ತೆಗೆದು ಹೊಲಿದದ್ದು,
ಗುಂಡಿ ಸಮೇತ.
ಮುಟ್ಟಿದರೆ ಜ್ವರದ ಮಗುವಿನ ಹಣೆ.
ಬಿಚ್ಚಿದೆ. ಪಿಂಗು ಮುನ್ನೂರರಿಂದ ಇನ್ನೂರೆಂಬತ್ತು.
ಇದೂ ಹೌದು, ಆದರೆ ಇದಲ್ಲ.

ತಂತಿಯ ಜೊತೆ ಗೋಡೆಯುದ್ದಕ್ಕೂ ಕೈ ಸವರುತ್ತ ಹೋದೆ.
ಬೀರುವಿನ ಹಿಂದೆ, ಆಲೂಗಡ್ಡೆ ಮಂಡಿಯ ಕ್ಯಾಲೆಂಡರಿನ ಕೆಳಗೆ
ಒಂದು ಮೊಳೆ. ಮೊಳೆಗೆ ಬಿಗಿಯಾಗಿ ಐದು ಸುತ್ತು,
ಮೇಲೊಂದು ಹಾಸಿಗೆಯವರ ಗಂಟು.
'ಜೋತಾಡ್ತಿತ್ತು,' ಅಂದರು ಹಿಂದೆಯೇ ಹತ್ತಿಬಂದ ಸಾಬರು,
'ಚಂದ ಮಾಡಿಟ್ಟೆ.'

'ಸಾಬ್ರೇ, ಇದರೊಳಗೆ ಹೋಗೋದು ಬೆಳಕು.
ಬೆಳಕಿಗೆ ಮೊಣಕಾಲಿಲ್ಲ.
ಮಡಚಿದ್ರೆ ಮಡಚಿದಲ್ಲೇ ಸೋರುತ್ತೆ.'
ಅವರು ಮೊಳೆ ನೋಡಿದರು. ಮಗಳನ್ನು ನೋಡಿದರು.
ಗೋಡೆ ಒದ್ದೆಯಾಗಿದೆಯೇನೋ ಎಂದು ಮುಟ್ಟಿಯೂ ನೋಡಿದರು.

ಕೂದಲಿಗಿಂತ ಸಣ್ಣ ಗಾಜಿನೆಳೆ.
ಸುಲಿದು, ಕತ್ತರಿಸಿ, ತುದಿಗೆ ತುದಿ ಕೂಡಿಸಬೇಕು,
ಹತ್ತಿಯ ಒಂದು ನವಿರು ಕೂತರೂ ಕೆಟ್ಟಿತು.
ಫ್ಯಾನ್ ನಿಲ್ಲಿಸಿದೆವು. ಮಾತು ನಿಲ್ಲಿಸಿದೆವು.
ಸಾಬರು ಲುಂಗಿಗೆ ಅಂಟಿದ ಹತ್ತಿ ಕೊಡವಲೂ ಹೆದರಿ
ಕೈ ಎತ್ತಿದವರು ಎತ್ತಿದ ಹಾಗೇ ನಿಂತರು.

ಮೀಟರಿನಲ್ಲಿ ಮೈನಸ್ ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತು.
ಪಿಂಗು ಮೂವತ್ತೊಂದು.

ಆಡು ಅಂದೆ.
ಅದೇ ಬಾಗಿಲು. ಅವನು ಬಂದ, ನಿಜವಾಗಿ ಬಂದ.
ಇವಳು ಅವನನ್ನು ಕಂಡಳು, ಅವನು ಇವಳನ್ನು ಕಂಡ,
ಒಂದೇ ಗಳಿಗೆ, ನಡುವೆ ಏನೂ ಇಲ್ಲ.
ಅವನು ಹೊಡೆದ.

ಹೆಡ್‌ಫೋನಿನಿಂದ ಕಡೂರು ನಕ್ಕದ್ದು ನನಗೂ ಕೇಳಿಸಿತು:
ಇವತ್ತು ಏನ್ ನೆಪ ಹೇಳ್ತೀಯೇ?
ಮಿಸ್ಬಾ ತುಸು ಹೊತ್ತು ಪರದೆ ನೋಡಿ,
'ಏನಿಲ್ಲ ಕಣ್ರೋ,' ಅಂದಳು,
'ಈ ಸಲ ನೋಡ್ಕೊಂಡೇ ಸತ್ತೆ.'

ದೂರು ಮುಚ್ಚಲು ಓಟಿಪಿ ಬೇಕು.
ಸಾಬರ ಬಟನ್ ಫೋನಿಗೆ ಕಳಿಸಿ ಹತ್ತು ನಿಮಿಷವಾಯಿತು.
ನೆಲದ ಮೇಲಿಟ್ಟುಕೊಂಡು ಮೂವರೂ ಅದನ್ನೇ ನೋಡುತ್ತಿದ್ದೇವೆ.
ಹೊಸಲೈನ್ ರಸ್ತೆಯ ಮುಂದಿನ ದೂರಿನವರು
ಎಲ್ಲಿದ್ದೀರಿ ಅಂತ ಎರಡು ಸಲ ಕೇಳಿಯಾಯಿತು.
'ಬಂದೆ, ಸಾರ್, ತಿರುವಲ್ಲೇ ಇದೀನಿ' ಅಂದಿದ್ದೇನೆ.
ಏಣಿ ಇನ್ನೂ ಇಲ್ಲೇ, ಕೆಳಗಿನ ಬಾಗಿಲಿಗೆ ಒರಗಿಕೊಂಡಿದೆ.