ಹದ್ದುಬಸ್ತು

ಗೌರಿಬಿದನೂರಿನ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಗೂ ನೋಟರಿ ಮೇಜಿಗೂ ನಡುವೆ
ಆರಡಿ ಅಗಲದ ಜಾಗ ನನ್ನದು.
ಸರ್ವೇಯರ್ ಎಂಬ ಬೋರ್ಡಿನ ಅರ್ಕಾವೊತ್ತು
ಉದುರಿಹೋಗಿ ಹನ್ನೊಂದು ವರ್ಷ.

ಹಗಲು ಸರಪಳಿ ಎಳೆದು, ಮುಳ್ಳುಬೇಲಿಯಲ್ಲಿ ಬಾಂದುಕಲ್ಲು ಹುಡುಕಿ,
ರಾತ್ರಿ ಕೂತು ಕೂಡಿ ಕಳೆದು ಕಣ್ಣುರಿ.
ಹದಿನಾರು ಆಣೆಗೊಂದು ಗುಂಟೆ, ನಲವತ್ತು ಗುಂಟೆಗೊಂದು ಎಕರೆ,
ಯಾವುದೋ ಒಂದಾಣೆ ದಿನಾ ತಪ್ಪಿಸಿಕೊಳ್ಳುತ್ತಿತ್ತು
ಹಗ್ಗ ಹರಿದ ಕರುವಿನ ಹಾಗೆ.
ಅದನ್ನು ಕಟ್ಟಿಹಾಕಲಿಕ್ಕೆ ಬರೆದದ್ದು ಈ ಸಾಫ್ಟ್‌ವೇರು.
ಕಲಿಸಿದವರು ಯಾರೂ ಇಲ್ಲ.
ಒಂದು ಹಳೇ ಪುಸ್ತಕ, ಮಗಳ ಕಾಲೇಜು ನೋಟ್ಸು,
ಎರಡು ಬೇಸಿಗೆ.

ಬೇರೆಯವರು ನೋಡುತ್ತಾರೆ ಅಂತ ಬರೆದಿರಲಿಲ್ಲ.
ಹಾಗಾಗಿ ತಪ್ಪು ಅಂಕಿ ಕೊಟ್ಟರೆ ಅದು
'ಕನ್ನಡಕ ಎಲ್ಲಿಟ್ಟೆ?' ಅನ್ನುತ್ತದೆ.
ನಾಲ್ಕು ಬದಿ ಕೂಡಿಬರದಿದ್ದರೆ
'ಈಶಾನ್ಯದ ಕಲ್ಲು ಯಾರೋ ಕಿತ್ತಿದ್ದಾರೆ, ಹೋಗಿ ನೋಡು.'
ಸಂಜೆ ಐದಾದರೆ ಎಲ್ಲ ನಿಲ್ಲಿಸಿ, 'ನೀರು ಕುಡಿದ್ಯಾ?'
ಕಿಡ್ನಿಯಲ್ಲಿ ಕಲ್ಲು ಸಿಕ್ಕ ವರ್ಷ ಸೇರಿಸಿದ ಸಾಲು.

ಮತ್ತೆ, ಪಾಲಿನ ನಕ್ಷೆ ಪ್ರಿಂಟು ಕೇಳಿದಾಗಲೆಲ್ಲ
ಒಂದೇ ಒಂದು ಪ್ರಶ್ನೆ, ಉತ್ತರ ಕೊಡದೆ ಮುಂದೆ ಹೋಗದು:
'ಹೆಣ್ಣುಮಕ್ಕಳು ಎಷ್ಟು ಜನ?'

ಅದು ಮಂಚೇನಹಳ್ಳಿ ಕಡೆಯ ಒಂದು ಹೊಲದ್ದು.
ಮೂವರು ಅಣ್ಣತಮ್ಮಂದಿರು, ಮೂರು ಪಾಲು, ಮೂರು ಬಣ್ಣ,
ಕೆಳಗೆ ನನ್ನ ಸಹಿ.
ನಾನು ಟೇಪು ಸುತ್ತುತ್ತಿದ್ದಾಗ
ಬದುವಿನಾಚೆ ಅವರೆಕಾಯಿ ಬಿಡಿಸುತ್ತಿದ್ದವಳು
ತಲೆ ಎತ್ತದೆ ಕೇಳಿದ್ದಳು:
'ಮೂರೇನಾ ಸಾರ್?'
ಹೆಸರು ಗಂಗರತ್ನ ಅಂತ ಆಮೇಲೆ ತಿಳಿಯಿತು,
ಕೋರ್ಟಿನ ಸಮನ್ಸಿನಲ್ಲಿ.

ಮಾರಪ್ಪಾ ಅದನ್ನ, ಅಂದರು ಕಂಡವರೆಲ್ಲ.
ಏನು ಬೆಲೆ ಹೇಳಲಿ?
ನಿದ್ದೆಗೆಟ್ಟ ರಾತ್ರಿಗೆ ಸರ್ಕಾರ
ಮಾರ್ಗಸೂಚಿ ದರ ಗೊತ್ತುಮಾಡಿಲ್ಲ.
ಮೊದಲ ಪ್ರತಿ ಬಾಗೇಪಲ್ಲಿಗೆ, ನಾಲ್ಕು ಸಾವಿರ.
ಎರಡನೆಯದಕ್ಕೆ ಎಂಟು ಅಂದೆ, ನಾಲಿಗೆ ತಾನೇ ಅಂದಿತು.
ಚಿಂತಾಮಣಿಯವನು ದುಡ್ಡಿಗೆ ಬದಲು
ಒಂದು ಟ್ರೈಪಾಡು ಕೊಟ್ಟ. ಅದರ ಒಂದು ಕಾಲು ಕುಂಟು.

ಆಮೇಲೆ ಅಶ್ವತ್ಥರೆಡ್ಡಿ. ಕಾರಿನಲ್ಲಿ ಬಂದವರು,
ಟೀ ಬೇಡ ಅಂದವರು.
'ಎಲ್ಲಾ ಚೆನ್ನಾಗಿದೆ. ಆ ಒಂದು ಪ್ರಶ್ನೆ ತೆಗೆದುಕೊಡಿ.
ಪಾರ್ಟಿಗಳು ಎದುರಿಗೇ ಕೂತಿರ್ತಾರೆ,
ಸ್ಕ್ರೀನ್ ಮೇಲೆ ಬಂದುಬಿಡುತ್ತೆ.
ಹದಿನೈದು ಕೊಡ್ತೀನಿ.'

ತೆಗೆದೆ.
ಒಂದು ಸಾಲು ಅಳಿಸಲಿಕ್ಕೆ ಎಷ್ಟು ಹೊತ್ತು?
ಕರ್ಸರು ಮಿಟುಕಿತು, ಕೆಳಗಿನ ಸಾಲು ಮೇಲೆ ಬಂತು,
ಬದು ಒತ್ತಿ ಉತ್ತ ಹಾಗೆ, ಗುರುತೂ ಇಲ್ಲ.
ಇದ್ದದ್ದಕ್ಕೆ ಎಂಟು, ಇಲ್ಲದ್ದಕ್ಕೆ ಹದಿನೈದು.
ನಡುವಿನ ಏಳು ಸಾವಿರದಲ್ಲಿ
ನನ್ನ ಹಲ್ಲಿನ ಸೆಟ್ಟು ಆಯಿತು, ಇನ್ನೂರು ಮಿಕ್ಕಿತು.

ನನ್ನ ಕಂಪ್ಯೂಟರಿನಲ್ಲಿ ಪ್ರಶ್ನೆ ಈಗಲೂ ಇದೆ.
ಬೆಳಿಗ್ಗೆ ಮೊದಲ ನಕ್ಷೆಗೇ ಕೇಳುತ್ತದೆ.
ಹೊಸ ಹಲ್ಲು ಕಚ್ಚಿಕೊಂಡು ಅಂಕಿ ಒತ್ತುತ್ತೇನೆ.

ಮೊನ್ನೆ ರೆಡ್ಡಿಯವರ ಆಫೀಸಿಂದ ಫೋನು.
ಹೊಸ ಹುಡುಗ, ಫಯಾಜ್ ಅಂತ, ಗುಡಿಬಂಡೆಯವನು.
'ಸಾರ್, ನಕ್ಷೆ ಮುಗೀತಾ ಬಂದಿತ್ತು, ನಿಂತುಬಿಟ್ಟಿದೆ.
ನೀರು ಕುಡಿದ್ಯಾ ಅಂತ ಕೇಳ್ತಿದೆ.
ಏನು ಒತ್ತಲಿ?'

ಅದನ್ನು ತೆಗೆಯುವುದು ಮರೆತಿದ್ದೆ.
'ಕುಡಿದಿದ್ದೀಯೇನಪ್ಪ?' ಅಂದೆ.
ಆ ಕಡೆ ಫ್ಯಾನು ತಿರುಗುವ ಸದ್ದು.
'ಇಲ್ಲ ಸಾರ್.'
'ಹಂಗಾದ್ರೆ ಇಲ್ಲ ಅಂತ ಒತ್ತು.'